ಮುದ್ದೆ ಮುರಿಸುತ್ತಿದ್ದ ಡಾಕ್ಟರು

ಚಿತ್ರದುರ್ಗದ ಡಾಕ್ಟರ್ ತಿಪ್ಪೇರುದ್ರಪ್ಪ ಸೋಮವಾರ ತೀರಿಕೊಂಡರು. ಕುಡುಗೋಲಿಗೋ ಉಣ್ಣೆ ಕತ್ತರಿಗೋ ಸಿಕ್ಕಿ ತುಂಡಾದ ಬೆರಳ ನರಗಳನ್ನು ಅವರು ಕೂದಲೆಳೆಯಂಥ ದಾರದಲ್ಲಿ ಹೊಲಿಯುತ್ತಿದ್ದರು. ಹೊಲಿದದ್ದು ಕೂಡಿತೇ ಎಂದು ತಿಳಿಯಲು ಅವರದು ಒಂದೇ ಪರೀಕ್ಷೆ: ಗಾಯ ಮಾಗಿದ ಮೇಲೆ ಅದೇ ಕೈಯಿಂದ ರಾಗಿಮುದ್ದೆ ಮುರಿಯಬೇಕು. ಚಮಚ ಕೇಳಿದವರಿಗೆ, "ಚಮಚ ಯಾಕಪ್ಪ, ನೀನೇನು ಡಿಸಿ ಸಾಹೇಬನಾ? ಇನ್ನೊಂದು ತಿಂಗ್ಳು ಇಲ್ಲೇ ಬಿದ್ದಿರು!" ಮುರಿದವರಿಗೆ, "ಆತು, ಮನೆಗೆ ಹೋಗ್ರಿ." ಮದುವೆಯ ಪಂಕ್ತಿಯಲ್ಲೂ ಅವರು ಉಣ್ಣುವವರ ಮುಖ ಬಿಟ್ಟು ಬೆರಳುಗಳನ್ನೇ ನೋಡುತ್ತಿದ್ದರು. ಹೊಳಲ್ಕೆರೆಯ ಕಂಬಳಿ ನೇಕಾರ ಬೀರಪ್ಪನ ಮೂರು ಬೆರಳು ಎಪ್ಪತ್ತೆರಡನೇ ಇಸವಿಯಲ್ಲಿ ಉಳಿದದ್ದು ಅವರಿಂದಲೇ. ಆಮೇಲೆ ಇಬ್ಬರೂ ಗೆಳೆಯರಾದರು. ಲಕ್ವ ಹೊಡೆದು ಡಾಕ್ಟರ ಕೈಗಳೇ ಬಿದ್ದುಹೋದಾಗ, ಬೀರಪ್ಪ ಮಗ್ಗ ನಿಲ್ಲಿಸಿ ಬಂದು ಆ ಮೂರು ಬೆರಳಲ್ಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ತುತ್ತಿಡುತ್ತಿದ್ದ. ಸೋಮವಾರ ಡಾಕ್ಟರು ತುತ್ತಿಗೆ ಬಾಯಿ ತೆರೆಯಲಿಲ್ಲ. ತುತ್ತು ಹಿಡಿದ ಬೆರಳುಗಳನ್ನೇ ಬಹಳ ಹೊತ್ತು ನೋಡಿ, "ಆತು ಬೀರಪ್ಪ, ಮನೆಗೆ ಹೋಗ್ರಿ" ಎಂದರು.