ಮೋತಿಬಿಯ ಪುಟ

ಹರ್ತಿಯ ಸೂಲಗಿತ್ತಿ ಮೋತಿಬಿ ನಯಾಜನನ್ನು ಕೇಳಿದ್ದು ಒಂದೇ ಮಾತು.

"ಬುಕ್ಕಿನ್ಯಾಗ ನನ್ನ ಹೆಸರು ಬರಬೇಕು ನೋಡಪ. ನಿನ್ನ ಹೊಕ್ಕಳ ಕೊಯ್ದಾಕಿ ನಾನು. ಇಷ್ಟರ ಮಾಡು."

"ಆತು ಖಾಲಾ. ಬಂದ ಬರತೈತಿ," ಎಂದು ನಯಾಜ ಮಾತು ಕೊಟ್ಟ.

ಗದಗ ಜಿಲ್ಲೆಯಾಗಿ ಹತ್ತು ವರ್ಷ ತುಂಬಿತ್ತು. ಜಿಲ್ಲೆಯ ಸೂಲಗಿತ್ತಿಯರದೊಂದು ಪುಸ್ತಕ ತರಲು ಹೆಂಗಸರ ಸಂಘವೊಂದು ಹೊರಟಿತ್ತು. ಅದರ ಕೆಲಸ ಬೆಟಗೇರಿಯ ಛಾಪಖಾನೆಗೆ ಬಂದಿತ್ತು. ನಯಾಜ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಅಲ್ಲಿ ಅಚ್ಚುಮೊಳೆ ಜೋಡಿಸಲು ಸೇರಿದವನು. ಮೊಳೆಗಳು ಗುಜರಿಗೆ ಹೋದ ಮೇಲೆ ಮಾಲಕರ ಮಗಳು ಕಾಂಚನಾ ಅವನಿಗೆ ಕಂಪ್ಯೂಟರ್ ಕಲಿಸಿದಳು. ಎಕ್ಸ್‌ಎಸ್‌ಎಲ್‌ಟಿ ಎಂಬ ಬರಹವನ್ನೂ ಕಲಿಸಿದಳು. ಊರೂರಿನಿಂದ ಬಂದ ಮಾಹಿತಿಯನ್ನು ಪುಟಗಳಾಗಿ ಮಾಡುವ ಬರಹ ಅದು. ಯಾವ ಗುರುತು ಕಂಡರೆ ಏನು ಅಚ್ಚಾಗಬೇಕು ಎಂದು ಮೊದಲೇ ಬರೆದಿಡಬೇಕು.

ನಯಾಜ ಮೊದಲು ಬರೆದದ್ದು 'ತಾಲೂಕು/ಊರು/ಸೂಲಗಿತ್ತಿ' ಎಂದು. ತಾಲೂಕಿನೊಳಗೆ ಊರು, ಊರಿನೊಳಗೆ ಸೂಲಗಿತ್ತಿ ಸಿಕ್ಕರೆ ಅವಳಿಗೊಂದು ಪುಟ. ಮುಂಡರಗಿಯವರು ಸರಿಯಾಗಿ ಬಂದರು. ಲಕ್ಷ್ಮೇಶ್ವರದಿಂದ ಒಬ್ಬರೂ ಬರಲಿಲ್ಲ. ಅಲ್ಲಿ ಬೆರಳಚ್ಚು ಮಾಡಿದವರು ಊರಿನೊಳಗೆ ಓಣಿಯನ್ನೂ ಸೇರಿಸಿದ್ದರು.

"ಕಾಕಾ, ಇಷ್ಟ ಬಿಗಿ ಹಿಡದ್ರ ಹ್ಯಾಂಗ? ಒಂದ ಗೆರಿ ಇದ್ದಲ್ಲೆ ಎರಡ ಗೆರಿ ಹಾಕ್ರಿ. ನಡಬರಕ ಏನ ಇದ್ರೂ ದಾಟಿ ಹೋಗಿ ಹುಡುಕತೈತಿ," ಎಂದಳು ಕಾಂಚನಾ.

ನಯಾಜ 'ತಾಲೂಕು//ಸೂಲಗಿತ್ತಿ' ಎಂದು ಸಡಿಲಿಸಿದ. ಲಕ್ಷ್ಮೇಶ್ವರದವರೂ ಬಂದರು, ಹರ್ತಿಯ ಮೋತಿಬಿಯೂ ಬಂದಳು. ಅವನು ಆ ಪುಟವನ್ನು ಎರಡು ಸಲ ಓದಿ, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದ.

ಆದರೆ ಪುಸ್ತಕ ಉಬ್ಬಿಹೋಗಿತ್ತು. ಒಬ್ಬೊಬ್ಬ ಸೂಲಗಿತ್ತಿಯ ಮಾಹಿತಿಯೊಳಗೆ ಅವಳ ಕೈಕೆಳಗೆ ಕಲಿತವರ ಹೆಸರುಗಳಿದ್ದವು. ಅವಕ್ಕೂ 'ಸೂಲಗಿತ್ತಿ' ಎಂಬ ಅದೇ ಗುರುತು. ಹೀಗಾಗಿ ಶಿರಹಟ್ಟಿಯ ಶೇಖವ್ವ ತನ್ನ ಪುಟದಲ್ಲೊಮ್ಮೆ, ಗುರುವಿನ ಹಿಂದೊಮ್ಮೆ, ಎರಡೆರಡು ಸಲ ಬಂದಿದ್ದಳು. ನಯಾಜ ಕೆಳಗೆ ಇನ್ನೊಂದು ಸಾಲು ಬರೆದ: ಸೂಲಗಿತ್ತಿಯ ಒಳಗೆ ಸೂಲಗಿತ್ತಿ ಸಿಕ್ಕರೆ ಬಿಟ್ಟುಬಿಡು. ಪುಟಗಳು ಇಳಿದವು. ಸರಿ ಗುರುತು ಬಿದ್ದ ಪುಟಗಳನ್ನು ಅವನು ಮತ್ತೆ ತೆರೆಯಲಿಲ್ಲ. ಮೊಳೆಯ ಕಾಲದ ರೂಢಿ ಅದು. ಚೌಕಟ್ಟಿನಲ್ಲಿ ಬಿಗಿದಿಟ್ಟ ಪುಟ ತಾನಾಗಿ ಬದಲಾಗುವುದಿಲ್ಲ.

ಪುಸ್ತಕ ಅಚ್ಚಾಗಿ, ರವಿವಾರ ಗದಗಿನಲ್ಲಿ ಸಂಘದ ಸಭೆಯಾಯಿತು. ಪುಸ್ತಕ ನೋಡಿ ಒಬ್ಬೊಬ್ಬ ಸೂಲಗಿತ್ತಿಯನ್ನೇ ವೇದಿಕೆಗೆ ಕರೆದು, ಶಾಲು ಹೊದಿಸಿ, ಒಂದೊಂದು ಪ್ರತಿ ಕೊಟ್ಟು ಕಳಿಸಿದರು.

ಸೋಮವಾರ ಮಧ್ಯಾಹ್ನ ಮೋತಿಬಿ ಛಾಪಖಾನೆಯ ಮೆಟ್ಟಿಲು ಹತ್ತಿ ಬಂದಳು.

"ಕಡೀತನಕ ಕುಂತಿದ್ನೆಪ. ಕುರ್ಚಿ ಎತ್ತೋ ಮಂದಿ ಬಂದು ಏಳಬೇ ಅಂದ್ರು. ಕರಿಯಾಕ ಮರತ್ರೇನು? ಬುಕ್ಕಿನ್ಯಾಗರ ಐತಿಲ್ಲೋ ತೋರಸು."

ಛಾಪಖಾನೆಗೆ ಉಳಿದಿದ್ದ ಒಂದೇ ಪ್ರತಿಯನ್ನು ನಯಾಜ ತೆರೆದ. ಹರ್ತಿಯಲ್ಲಿ ರಹಿಮತಬಿಯ ಪುಟವಿತ್ತು. ಮೋತಿಬಿಯ ಅತ್ತೆ, ಮಣ್ಣಾಗಿ ಇಪ್ಪತ್ತು ವರ್ಷ. ಮುಂದಿನ ಪುಟ ಹೊಂಬಳದ್ದು.

"ಖಾಲಾ, ಬರಕೊಳ್ಳಾಕ ಬಂದಾಗ ನಿಮ್ಮ ಹೆಸರು ಹ್ಯಾಂಗ ಬರಸಿದ್ರಿ?"

"ಹ್ಯಾಂಗ ಅಂದ್ರ? ಅತ್ತೀದು ಮ್ಯಾಲೆ, ಆಕಿ ಕೆಳಗ ನಂದು. ಕಲಿಸಿದಾಕಿನ್ನ ಬಿಟ್ಟು ನಾನ ದೊಡ್ಡಾಕಿ ಅಂತ ಬ್ಯಾರೆ ಬರಸಾಕ ಬರತೈತೇನು? ನಾಚಿಕಿ ಬ್ಯಾಡೇನು?"

ನಯಾಜ ಮತ್ತೆ ರಹಿಮತಬಿಯ ಪುಟಕ್ಕೆ ತಿರುವಿದ.

"ಐತಿಲ್ಲೋ, ಅಷ್ಟ ಹೇಳು."

"ಇಲ್ಲ ಖಾಲಾ. ನನ್ನ ಕಡಿಂದ ತಪ್ಪಾತು."

ಮೋತಿಬಿ ಪುಟದ ಮೇಲೆ ಅಂಗೈ ಆಡಿಸಿದಳು. "ಅತ್ತೀದು ಐತಿ?"

"ಐತಿ."

"ಆಕಿ ಇದ್ರ ಆತು ಬಿಡು," ಎಂದಳು. ಕೊಟ್ಟ ಚಹಾ ಕುಡಿಯಲಿಲ್ಲ. ಬಸ್ಸು ತಪ್ಪುತ್ತದೆಂದು ಎದ್ದು ಹೋದಳು.

ನಯಾಜ ಮತ್ತೆ ಆ ಬರಹ ತೆರೆದು, ಇನ್ನೊಬ್ಬಳ ಒಳಗೆ ಮಾತ್ರ ಇದ್ದು ತನ್ನದೇ ಪುಟ ಇಲ್ಲದವಳು ಸಿಕ್ಕರೆ ಬಿಡಬೇಡ ಎಂದು ಬರೆದ. ಅದಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ. ಪರದೆಯ ಮೇಲೆ ಮೋತಿಬಿ ಬಂದಳು. ಅವಳ ಹಿಂದೆ ಮುಂಡರಗಿಯ ಕಡೆಯ ಇಬ್ಬರು, ಲಕ್ಷ್ಮೇಶ್ವರದ ನಾಲ್ವರು ಬಂದರು. ಎಲ್ಲರೂ ಅತ್ತೆಯ ಕೆಳಗೋ ತಾಯಿಯ ಕೆಳಗೋ ಬರೆಸಿಕೊಂಡವರು.

"ಇನ್ನೊಮ್ಮೆ ಅಚ್ಚ ಹಾಕಸ್ತಾರೇನ, ಕಾಂಚನವ್ವ?"

"ಸಂಘದವರ ಕೆಲಸ ಮುಗೀತಲ್ಲ ಕಾಕಾ."

ಅವನು ಏಳು ಪುಟಗಳನ್ನೂ ಪರದೆಯ ಮೇಲೆಯೇ ಓದಿದ. ಎಲ್ಲಿಯೂ ತಪ್ಪಿರಲಿಲ್ಲ. ಕೆಂಪು ಪೆನ್ನು ಕೈಯಲ್ಲಿತ್ತು, ಗುರುತು ಹಾಕಲು ಕಾಗದವೇ ಇರಲಿಲ್ಲ.