ಅತ್ತೆಯ ಹೆಸರಿನ ಬಸವನಹುಳು

ಕೊಂಬೆಯಮ್ಮ ಎಂದರೆ ಆ ಜೀವಶಾಸ್ತ್ರ ವಿಭಾಗದಲ್ಲಿ ಜವಾನನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ ಗೊತ್ತು. ಹಾಗೆಂದು ಮರ ಹತ್ತುವ ಹೆಂಗಸೇನಲ್ಲ, ಮೂರನೇ ಮಹಡಿಯ ತನ್ನ ಕೋಣೆಗೆ ಹೋಗುವಷ್ಟರಲ್ಲೇ ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಳ್ಳುವವಳು. ಜೀವಿಗಳ ವಂಶವೃಕ್ಷ ಬರೆಯುವವರಿಗೆ ಆ ಮರದ ಯಾವ ಕೊಂಬೆಯನ್ನು ಎಷ್ಟು ನಂಬಬಹುದು ಎಂದು ಅಳೆದು ಹೇಳುವ ಸಾಫ್ಟ್‌ವೇರ್ ಒಂದನ್ನು ಬರೆದು ಸಾಕುತ್ತಿದ್ದಳು. ಸಾಕುವುದು ಎಂದೇ ಹೇಳಬೇಕು. ದಿನಾ ಯಾವುದೋ ದೇಶದಿಂದ ಯಾರೋ ‘ಕೆಟ್ಟು ನಿಂತಿದೆ’ ಎಂದು ಬರೆಯುವರು, ಇವಳು ಮಗುವಿನ ಮೂಗು ಒರೆಸಿದ ಹಾಗೆ ಅದನ್ನು ಸರಿಮಾಡಿ ಕಳಿಸುವಳು.

ಕೆಲಸ ಕೇಳುವುದಕ್ಕೆ ದೊಡ್ಡದು, ತಿಳಿದರೆ ಇಷ್ಟೇ. ಜೀನ್‌ಗಳ ಅಕ್ಷರಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿದರೆ ಯಾವ ಜೀವಿ ಯಾವುದಕ್ಕೆ ಹತ್ತಿರದ ನೆಂಟ ಎಂದು ಮರ ಬರೆಯಬಹುದು. ಆ ಮರ ನಿಜವೋ ಅಕಸ್ಮಾತ್ತೋ ಗೊತ್ತಾಗಬೇಕಲ್ಲ? ಸಾಫ್ಟ್‌ವೇರ್ ಆ ಅಕ್ಷರಗಳ ಕಾಲಂಗಳನ್ನು ಚೀಟಿ ಎತ್ತಿದ ಹಾಗೆ ಎತ್ತುತ್ತದೆ. ಕೆಲವು ಎರಡೆರಡು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಹಾಗೆ ಎತ್ತಿದಾಗಲೆಲ್ಲ ಹೊಸದಾಗಿ ಮರ ಬರೆದು, ಅದೇ ಕೊಂಬೆ ನೂರಕ್ಕೆ ಎಷ್ಟು ಸಲ ಮೂಡಿತು ಎಂದು ಹೇಳುತ್ತದೆ. ತೊಂಬತ್ತು ದಾಟಿದರೆ ಎದೆ ತಟ್ಟಿ ಹೇಳಬಹುದು. ಐವತ್ತು ಅರವತ್ತು ಬಂದರೆ ಬಾಯಿ ಮುಚ್ಚಿಕೊಂಡಿರುವುದು ವಾಸಿ.

ಅವಳ ಗಂಡ ಬಸವನಹುಳುಗಳ ಹಿಂದೆ ಬಿದ್ದವನು. ‘ನಿಮ್ಮೆಜಮಾನರು ಎಲ್ಲಿ?’ ಎಂದು ಯಾರಾದರೂ ಕೇಳಿದರೆ, ‘ಹುಳದ ಬೆನ್ನು ಹತ್ತಿದಾರೆ, ಇನ್ನೂ ಅದನ್ನ ಹಿಂದೆ ಹಾಕಿಲ್ಲ’ ಎನ್ನುತ್ತಿದ್ದಳು. ತಣ್ಣನೆಯ ಬುಗ್ಗೆಗಳ ಕಲ್ಲಿಗೆ ಅಂಟಿಕೊಂಡಿರುತ್ತಿದ್ದ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಕಂದು ಹುಳ ಬೇರೆಯದೇ ಜಾತಿ ಎಂಬುದು ಅವನ ಹಟ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೂ ಲ್ಯಾಪ್‌ಟಾಪ್ ಬಿಡಲಿಲ್ಲ. ಒಂದು ಮಧ್ಯಾಹ್ನ, ಬೇರೆ ಬೇರೆ ಪ್ರಯೋಗಾಲಯಗಳಿಂದ ಬಂದಿದ್ದ ಜೀನ್‌ಗಳ ಫೈಲುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ, ‘ಓಡಿಸಿ ನೋಡು’ ಎಂದ. ಬೇರೆ ಯಾರೇ ಕೊಟ್ಟಿದ್ದರೂ ಫೈಲನ್ನು ಜಾಲಾಡದೆ ಮುಟ್ಟುವವಳಲ್ಲ. ಕೊಟ್ಟವನು ಗಂಡ, ಅದೂ ಸೂಜಿ ಚುಚ್ಚಿದ ಕೈಯಲ್ಲಿ. ಹಾಗೆಯೇ ಓಡಿಸಿದಳು. ತೊಂಬತ್ತೇಳು ಬಂತು. ಅವನು ತುಂಬ ದಿನಗಳ ಮೇಲೆ ಬಾಯ್ತುಂಬ ನಕ್ಕು, ‘ಇದಕ್ಕೆ ಅಮ್ಮನ ಹೆಸರಿಡ್ತೀನಿ’ ಎಂದ. ಲೇಖನ ಅಚ್ಚಾಗುವುದನ್ನು ನೋಡಿದ. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಅತ್ತೆ ಸೊಸೆಯ ಜೊತೆಗೇ ಉಳಿದರು. ಹಿರಿಯ ಮಗ ಫೋನು ಮಾಡಿದಾಗಲೆಲ್ಲ ಕರೆಯುತ್ತಿದ್ದ. ‘ಇಲ್ಲಿ ನಿನ್ನ ತಮ್ಮ ಇದಾನೆ ಕಣೋ, ಹೇಗೆ ಬಿಟ್ಟು ಬರ್ಲಿ?’ ಎಂದು ಇವರು ಫೋನು ಇಡುತ್ತಿದ್ದರು. ಹಾಲಿನವನಿರಲಿ, ವಿದ್ಯುತ್ ಮೀಟರು ನೋಡಲು ಬಂದವನಿರಲಿ, ಗೋಡೆಯ ಮೇಲಿನ ಬಸವನಹುಳುವಿನ ಚಿತ್ರ ತೋರಿಸದೆ ಕಳಿಸುತ್ತಿರಲಿಲ್ಲ. ‘ನೋಡಪ್ಪ, ಇದಕ್ಕೆ ನನ್ನ ಹೆಸರು. ನಾನು ಸತ್ರೂ ನನ್ನ ಹೆಸರು ಓಡಾಡ್ಕೊಂಡಿರುತ್ತೆ, ನಿಧಾನಕ್ಕಾದ್ರೂ.’ ಸೊಸೆ ತನ್ನ ಪಾಲಿಗೆ ಇನ್ನೊಂದು ಮಾಡಿದ್ದಳು. ಸಾಫ್ಟ್‌ವೇರ್ ಜೊತೆ, ಹೊಸಬರು ಓಡಿಸಿ ಕಲಿಯಲಿ ಎಂದು ಒಂದು ಮಾದರಿ ಫೈಲು ಹೋಗುತ್ತದಲ್ಲ, ಅದರ ಜಾಗದಲ್ಲಿ ಗಂಡನ ಫೈಲನ್ನೇ ಇಟ್ಟಳು. ಜಗತ್ತಿನ ಯಾವ ಮೂಲೆಯವರು ಕಲಿಯಲು ಕೂತರೂ ಮೊದಲು ಅವನ ಹುಳವನ್ನೇ ನೋಡಬೇಕು.

ಬಳಸುವವರು ಬಹಳ ದಿನದಿಂದ ಒಂದು ಎಚ್ಚರಿಕೆ ಬೇಕೆಂದು ಕೇಳುತ್ತಿದ್ದರು. ಒಂದೇ ಜೀನನ್ನು ಒಂದು ಪ್ರಯೋಗಾಲಯ ಒಂದು ಹೆಸರಿನಲ್ಲಿ, ಇನ್ನೊಂದು ಮತ್ತೊಂದು ಹೆಸರಿನಲ್ಲಿ ಕಳಿಸುವುದುಂಟು. ನೋಡದೆ ಎರಡನ್ನೂ ಸೇರಿಸಿದರೆ ಒಬ್ಬನೇ ಸಾಕ್ಷಿ ಅಂಗಿ ಬದಲಾಯಿಸಿಕೊಂಡು ಬಂದು ಎರಡು ಸಲ ಹೇಳಿಕೆ ಕೊಟ್ಟ ಹಾಗೆ. ಕೊಂಬೆಗೆ ಇಲ್ಲದ ಬಲ ಬಂದುಬಿಡುತ್ತದೆ. ಅಂಥದ್ದನ್ನು ಹಿಡಿದು ಕೆಂಪಕ್ಷರದಲ್ಲಿ ತೋರಿಸುವ ಭಾಗವನ್ನು ಅವಳು ಬರೆದು ಮುಗಿಸಿದಳು. ಪರೀಕ್ಷಿಸಲು ಕೈಗೆ ಸಿಕ್ಕಿದ್ದು ಮಾದರಿ ಫೈಲು.

ಕೆಂಪಕ್ಷರ ಬಂತು. ತಾನು ಬರೆದದ್ದೇ ತಪ್ಪಿರಬೇಕು ಎಂದುಕೊಂಡು ಸಾಲು ಸಾಲೂ ತಡಕಿದಳು. ತಪ್ಪಿರಲಿಲ್ಲ. ಗಂಡ ಸೇರಿಸಿದ್ದ ಫೈಲುಗಳಲ್ಲಿ ಎರಡನೆಯದರ ಜೀನೂ ಐದನೆಯದರ ಜೀನೂ ಒಂದೇ. ಒಂದನ್ನು ತೆಗೆದು ಓಡಿಸಿದರೆ ತೊಂಬತ್ತೇಳು ಐವತ್ತೆಂಟಕ್ಕೆ ಇಳಿಯಿತು.

ದಾರಿಗಳಿಲ್ಲದೆ ಇರಲಿಲ್ಲ. ಮಾದರಿ ಫೈಲು ತೆಗೆದು ಯಾವುದೋ ಮೀನಿನದನ್ನು ಇಟ್ಟರೆ ಯಾರೂ ಕೇಳುವವರಿಲ್ಲ. ಇಟ್ಟೂ ಇಟ್ಟಳು. ಮೀನಿನ ಮರ ಚೆನ್ನಾಗಿಯೇ ಬಂತು. ಆದರೆ ಅವನ ಕೊಂಬೆಯ ಮೇಲೆ ಬೇರೆಯವರು ಆಗಲೇ ತಮ್ಮ ಮರಗಳನ್ನು ಕಟ್ಟತೊಡಗಿದ್ದರು. ‘ನಂಬಬಹುದೇ?’ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಮುಲಾಜಿಲ್ಲದೆ ‘ಇಲ್ಲ’ ಎಂದವಳು ಅವಳು. ಸಂಕಟವಾದರೂ ಮೀನನ್ನು ತೆಗೆದುಹಾಕಿದಳು. ಗಂಡನ ಲೇಖನ ಅಚ್ಚುಹಾಕಿದ್ದ ಪತ್ರಿಕೆಗೆ ತಪ್ಪು ತಿಳಿಸಿ ಬರೆಯುವ ಮೊದಲು ಅತ್ತೆಗೆ ಹೇಳಬೇಕಿತ್ತು. ಹೇಳಿದರೆ ಈ ಮುದುಕಿಯೂ ತನ್ನ ಕೈಬಿಟ್ಟು ಹೋದಾರು ಎಂಬ ಹೆದರಿಕೆ ಅವಳಿಗೆ. ಇಬ್ಬರನ್ನೂ ಬೆಸೆದಿದ್ದವನು ಅವನೊಬ್ಬನೇ.

ಅಡುಗೆಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು.

‘ಅಂದ್ರೆ ನನ್ನ ಹುಳ ಸುಳ್ಳಾ?’

‘ಸುಳ್ಳಲ್ಲ ಅತ್ತೆ. ಹುಳ ಇದ್ದೇ ಇದೆ. ಬೇರೆ ಜಾತಿ ಅಂತ ಹೇಳೋಕೆ ಸಾಕ್ಷಿ ಸಾಲದು, ಅಷ್ಟೆ.’

‘ಮತ್ತೆ, ಬೇರೆ ಇರ್ಲೂಬಹುದು ಅನ್ನು.’

‘ಇರಬಹುದು.’

ಅತ್ತೆ ಚಾಕು ಕೆಳಗಿಟ್ಟರು. ‘ಇರಬಹುದು ಅನ್ನೋ ಹಾಗಿದ್ರೆ ಸುಮ್ನಿದ್ದುಬಿಡ್ಬಹುದಿತ್ತಲ್ಲೇ. ಯಾರಮ್ಮಾ ಕೇಳ್ತಿದ್ರು ನಿನ್ನ?’

‘ನಾನೇ ಕೇಳ್ಕೋತಿದ್ದೆ ಅತ್ತೆ.’

‘ಅವನಿಗೆ ಗೊತ್ತಿತ್ತಾ?’

‘ಇಲ್ಲ. ಜ್ವರದಲ್ಲಿ ಗಮನಿಸಿಲ್ಲ. ನಾನಾದ್ರೂ ನೋಡ್ಬೇಕಿತ್ತು.’

ಅತ್ತೆ ಚಾಕು ಎತ್ತಿಕೊಂಡು ತರಕಾರಿ ಹೆಚ್ಚಿ ಮುಗಿಸಿದರು. ತಿದ್ದುಪಡಿ ಅಚ್ಚಾಯಿತು. ಅದರಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇತ್ತು, ತನ್ನದನ್ನು ಮೊದಲು ಹಾಕಿಸಿದ್ದಳು. ಎಲ್ಲಿಂದಲೋ ಇಬ್ಬರು ಮೂವರು ‘ದೊಡ್ಡ ಮನಸ್ಸು’ ಎಂದು ಬರೆದರು. ಆ ಮಾತು ಇಟ್ಟುಕೊಂಡು ಅವಳೇನು ಮಾಡಬೇಕು? ಮನೆಯಲ್ಲಿ ಹಾಲಿನವನು ಬಂದರೆ ಅತ್ತೆ ಪಾತ್ರೆ ಒಡ್ಡಿ, ಹಾಲು ಹಾಕಿಸಿಕೊಂಡು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಗೋಡೆಯ ಚಿತ್ರವನ್ನು ತೆಗೆಯಲೂ ಇಲ್ಲ, ತೋರಿಸಲೂ ಇಲ್ಲ. ಅವರು ಬೈದಿದ್ದರೆ, ಅತ್ತು ರಂಪ ಮಾಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಹಿರಿಯ ಮಗನಿಗೆ ಅತ್ತೆಯೇ ಫೋನು ಮಾಡಿದರು. ಅವನು ಕಾರು ತಂದ ದಿನ ಸೊಸೆ ಸೀರೆಗಳನ್ನು ಮಡಿಸಿ ತುಂಬಿದಳು, ಮಾತ್ರೆಗಳನ್ನು ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಭಾವನಿಗೆ ತಿಳಿಸಿಕೊಟ್ಟಳು. ಭಾವ ಸಾಮಾನು ಇಡಲು ಹೋದಾಗ ಅತ್ತೆ ಗೇಟಿನ ಹತ್ತಿರ ನಿಂತು ಅವಳ ಕೆನ್ನೆ ಸವರಿದರು.

‘ನೀನು ಮಾಡಿದ್ದು ತಪ್ಪಲ್ಲ ಅಂತ ನಂಗೆ ಗೊತ್ತು ಕಣೆ. ಆದ್ರೆ ನಿನ್ನ ಮುಖ ನೋಡ್ದಾಗಲೆಲ್ಲ, ನನ್ನ ಮಗ ತಪ್ಪು ಮಾಡಿ ಹೋದ ಅನ್ನೋದೇ ನೆನಪಾಗುತ್ತೆ. ನಂಗೆ ಅವನು ಗೆದ್ದು ಹೋದ ಅಂತ ನೆನಪಿರ್ಬೇಕು.’

ಸೊಸೆ ಹೂಂ ಎಂದಳು. ಅವಳಿಗೂ ಹಾಗೇ ನೆನಪಿರಬೇಕಿತ್ತು. ಆದರೆ ಎದ್ದು ಹೋಗೋಣವೆಂದರೆ ಅವಳಿಗೆ ಬೇರೆ ಮನೆ ಇರಲಿಲ್ಲ.