ಕೊಕ್ಕು ಮುಚ್ಚಿದ ಗುಬ್ಬಿ

ನಮ್ಮ ಮಾತಿನಲ್ಲಿ ಯಾರನ್ನಾದರೂ ‘ಛತ್ರಿ’ ಎಂದರೆ ಅವನ ಹತ್ತಿರ ಹುಷಾರಾಗಿರಿ ಎಂದೇ ಅರ್ಥ. ನಮ್ಮ ಬೀದಿಯ ಛತ್ರಿ ಮಾವನಿಗೆ ಮಾತ್ರ ಆ ಹೆಸರು ಬಂದದ್ದು ಕಸುಬಿನಿಂದ. ಕೊಡೆ ರಿಪೇರಿ ಅವರ ಕೆಲಸ. ಮುರಿದ ಕಡ್ಡಿ, ಹರಿದ ಬಟ್ಟೆ, ಗುಂಡಿ ಒತ್ತಿದರೆ ಮುಖಕ್ಕೇ ಹಾರುವ ಸ್ಪ್ರಿಂಗು, ಇವುಗಳ ನಡುವೆ ಇಪ್ಪತ್ತಾರು ವರ್ಷ ಕಳೆದಿದ್ದಾರೆ. ಕ್ಲಬ್ಬಿನ ಹೊರಮೆಟ್ಟಿಲ ಕೆಳಗೆ ಮೂರಡಿ ಜಾಗ, ಅದರಲ್ಲೊಂದು ಸ್ಟೂಲು. ಇಡೀ ಬೀದಿಯಲ್ಲಿ ಮಳೆ ಬೀಳದ ಮೂಲೆ ಅದೊಂದೇ. ಕೊಡೆ ರಿಪೇರಿಯವನೇ ನೆನೆಯುತ್ತಾ ಕೂತರೆ ಯಾವ ಗಿರಾಕಿ ನಂಬುತ್ತಾನೆ?

ಕೊಡೆಗೆ ಹಿಡಿ ಕೂರಿಸುವ ಕೈಗೆ ಪೈಪಿಗೆ ಕೊಳವೆ ಕೂರಿಸುವುದೇನು ಮಹಾ ಎಂದು ಕ್ಲಬ್ಬಿನ ಮೆಂಬರುಗಳು ತಮ್ಮ ಮನೆಯ ಹಳೆಯ ತಂಬಾಕಿನ ಪೈಪುಗಳನ್ನೂ ತಂದುಕೊಡತೊಡಗಿದರು. ಮಾವನಿಗೆ ಹೊಗೆ ಆಗದು. ಪಕ್ಕದವರು ಬೆಂಕಿಕಡ್ಡಿ ಗೀರಿದರೂ ಕೆಮ್ಮುತ್ತಾರೆ. ಆದರೆ ಪೈಪಿನ ಮೇಲೆ ಕಂಪನಿಯವರು ಒತ್ತಿದ ಮುದ್ರೆ ಕಂಡರೆ ಊಟ ಮರೆಯುತ್ತಾರೆ. ಮುದ್ರೆಯ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ಲು ಉಜ್ಜಿ, ಮೂಡಿದ ಅಚ್ಚನ್ನು ನೋಟ್‌ಬುಕ್ಕಿಗೆ ಅಂಟಿಸುತ್ತಾರೆ. ಅಂಥ ನೋಟ್‌ಬುಕ್ಕು ಹನ್ನೊಂದಾಗಿವೆ. “ಬೇರೆ ಗಂಡಸರು ಪೈಪು ಸೇದಿ ಹಾಳಾದ್ರು, ನಮ್ಮವರು ಸೇದದೇನೇ ಹಾಳಾದ್ರು,” ಎನ್ನುತ್ತಾರೆ ಅವರ ಹೆಂಡತಿ, ನಮಗೆಲ್ಲ ಅತ್ತೆ.

ಅದರಲ್ಲೂ ಗುಬ್ಬಿ ಮುದ್ರೆಯ ಪೈಪಾದರೆ ಮಾವ ಇಸವಿಯನ್ನೇ ಹೇಳಿಬಿಡುತ್ತಾರೆ. ಆ ಕಂಪನಿಯ ಮೊದಲ ಹತ್ತು ವರ್ಷದ ಗುಬ್ಬಿಗೆ ಕೊಕ್ಕು ತೆರೆದಿದೆ. ಅಚ್ಚು ಸವೆದು ಹೊಸದು ಮಾಡಿಸಿದಾಗ ಕೊಕ್ಕು ಮುಚ್ಚಿತು, ಮುಂದಿನ ಹತ್ತು ವರ್ಷ ಮುಚ್ಚಿಯೇ ಇತ್ತು. ಕಾಲ ಕೆಳಗೆ ಎಳ್ಳಿನಷ್ಟು ಒಂದು ಅಂಕಿ: ಆ ಹತ್ತರಲ್ಲಿ ಎಷ್ಟನೆಯ ವರ್ಷ ಎಂದು. ಇದನ್ನು ಯಾವ ಪುಸ್ತಕವೂ ಅವರಿಗೆ ಹೇಳಿಕೊಟ್ಟಿಲ್ಲ. ನಿವೃತ್ತರಿಗೆ ಉಡುಗೊರೆ ಕೊಟ್ಟ ಪೈಪುಗಳ ಬೆಳ್ಳಿಪಟ್ಟಿಯ ಮೇಲೆ ತಾರೀಕು ಕೆತ್ತಿರುತ್ತದೆ. ಅಂಥವನ್ನು ಒಂದೊಂದಾಗಿ ಹೋಲಿಸಿ ಕಂಡುಕೊಂಡದ್ದು.

ಇನ್ನು ಕ್ಲಬ್ಬಿನ ಅಧ್ಯಕ್ಷರ ವಿಷಯ. ಕ್ಲಬ್ಬು ಕಟ್ಟಿಸಿದವರು ಇವರ ತಾತ. ಇವರು ಏನು ಕಟ್ಟಿಸಿದ್ದಾರೆ ಎಂದರೆ, ತಾತನ ಪಟಕ್ಕೆ ಚೌಕಟ್ಟು. ಇಂಥ ಮೊಮ್ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ದಿನ ಅವರು ಮೆಟ್ಟಿಲಿಳಿದು ಬಂದು ಮಾವನ ಮಡಿಲಿಗೆ ಒಂದು ಪೈಪು ಹಾಕಿದರು.

“ನಮ್ಮ ತಾತಂದು. ಇದನ್ನ ಬಾಯಲ್ಲಿಟ್ಕೊಂಡೇ ಕ್ಲಬ್ಬಿಗೆ ಅಡಿಗಲ್ಲು ಇಟ್ಟಿದ್ದು. ಗಾಜಿನ ಪೆಟ್ಟಿಗೇಲಿ ಇಡ್ತಿದ್ದೀವಿ. ಒಂದು ಸರ್ಟಿಫಿಕೇಟ್ ಬರೆದುಕೊಡಿ.”

ಮಾವ ಕಣ್ಣಿಗೆ ಮಸೂರ ಏರಿಸಿದರು. ಗುಬ್ಬಿಯ ಕೊಕ್ಕು ಮುಚ್ಚಿತ್ತು. ಕಾಲ ಕೆಳಗೆ ಆರು. ತಾತ ತೀರಿಕೊಂಡ ಇಸವಿ ಕ್ಲಬ್ಬಿನ ಹಾಲ್‌ನಲ್ಲಿ ತೂಗುಹಾಕಿದ ಪಟದ ಕೆಳಗೇ ಇದೆ, ಮಾವನಿಗೆ ಬಾಯಿಪಾಠ. ಲೆಕ್ಕ ಕೂಡಲಿಲ್ಲ.

“ಸ್ವಾಮಿ, ಇದು...”

“ಬಾಯಲ್ಲಿ ಬೇಡ, ಬರೆದುಕೊಡಿ. ಭಾನುವಾರ ಕಾರ್ಯಕ್ರಮ. ಅಂದಹಾಗೆ, ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸೋಣ ಅಂತ ಕಮಿಟಿಯವರು ಹಟ ಹಿಡಿದಿದ್ದಾರೆ. ನಾನೇ ತಡೆದಿದ್ದೀನಿ.”

ಮಾವ ಮನೆಗೆ ಹೋಗಿ ಹೆಂಡತಿಗೆ ಹೇಳಿದರು.

“ರೀ, ಹೂಂ ಅಂತ ಬರೆದು ಕೈತೊಳ್ಕೊಳ್ಳಿ. ಆ ಜಾಗ ಹೋದ್ರೆ ಎಲ್ಲಿ ಕೂರ್ತೀರಿ, ನನ್ನ ತಲೆ ಮೇಲಾ? ಸತ್ತವರು ಎದ್ದು ಬಂದು ಅಲ್ಲ ಅಂತಾರಾ?”

“ಅದೇ ಕಣೇ ಕಷ್ಟ. ಎದ್ದು ಬಂದ್ರೇನೇ ಸೇದೋಕಾಗೋದು. ಪೈಪು ತಯಾರಾಗಿದ್ದೇ ಅವರು ಸತ್ತ ಒಂಬತ್ತು ವರ್ಷಕ್ಕೆ.”

ಅತ್ತೆ ಹಣೆ ಚಚ್ಚಿಕೊಂಡು ಒಳಗೆ ಹೋದರು. ಮಾವ ರಾತ್ರಿಯ ಊಟಕ್ಕೆ ಮೊದಲೇ ಬರೆದು ಮುಗಿಸಿ, ಬೆಳಿಗ್ಗೆ ಕಾಗದವನ್ನು ಕ್ಲಬ್ಬಿಗೆ ಕೊಟ್ಟುಬಂದರು. ಏನು ಬರೆದೆ ಎಂದು ಅವರು ಹೇಳಲಿಲ್ಲ. ಹೂಂ ಅಂತಲೇ ಬರೆದಿರುತ್ತಾರೆ ಎಂದು ಅತ್ತೆಯೂ ಕೇಳಲಿಲ್ಲ.

ಮಾವನ ಕೈಬರಹದ ಬಗ್ಗೆ ಇಲ್ಲಿ ಹೇಳಲೇಬೇಕು. ಕಾಗೆ ಕಾಲು ಗುಬ್ಬಿ ಕಾಲು ಎನ್ನುತ್ತೇವಲ್ಲ, ಅದರಲ್ಲಿ ಕಾಗೆ ಕುಂಟುತ್ತಿದೆ, ಗುಬ್ಬಿ ಜಾರಿ ಬಿದ್ದಿದೆ ಎಂದುಕೊಳ್ಳಿ. ಮೂವತ್ತು ವರ್ಷ ಅಂಗಡಿ ಸಾಮಾನಿನ ಚೀಟಿ ಓದಿದ ಅತ್ತೆಯನ್ನು ಬಿಟ್ಟರೆ ಅದನ್ನು ಓದಬಲ್ಲವರು ಯಾರೂ ಇಲ್ಲ. ಅಧ್ಯಕ್ಷರು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು, ತಲೆದೂಗಿದರು, ಕಟ್ಟು ಹಾಕಿಸಿದರು. ಓದಲಾಗಲಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸು ಆ ಕ್ಲಬ್ಬಿನಲ್ಲಿ ಇನ್ನೂ ಮೆಂಬರಾಗಿಲ್ಲ.

ಭಾನುವಾರ ಕ್ಲಬ್ಬಿನ ಹಾಲ್ ಜನರಿಂದ ತುಂಬಿತ್ತು. ಗಾಜಿನ ಪೆಟ್ಟಿಗೆಯ ಪಕ್ಕ ಕಟ್ಟು ಹಾಕಿದ ಕಾಗದ. ಬಂದವರೆಲ್ಲ ಅದರ ಮುಂದೆ ನಿಂತು, “ಎಂಥ ಪಾಂಡಿತ್ಯ” ಎಂದು ಮುಂದೆ ಹೋದರು. ತಲೆಯಾಡಿಸಿದವರಲ್ಲಿ ನಾನೂ ಒಬ್ಬ. ಈ ಬರಹ ಅದಕ್ಕೆ ಕಟ್ಟುತ್ತಿರುವ ದಂಡ. ಅಧ್ಯಕ್ಷರು ಅದನ್ನು ಸಭೆಗೆ ಓದಿ ಹೇಳಲು ಕಾರ್ಯದರ್ಶಿಗೆ ಸನ್ನೆ ಮಾಡಿದರು. ಕಾರ್ಯದರ್ಶಿ ತಮ್ಮ ಕನ್ನಡಕ ಮನೆಯಲ್ಲಿದೆ ಎಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಅದೇ ಹೊತ್ತಿಗೆ ಸ್ಟೂಲಿನ ಮೇಲೆ ಗಂಡನನ್ನು ಕಾಣದೆ ಅತ್ತೆ ಊಟದ ಡಬ್ಬಿ ಹಿಡಿದು ಹಾಲಿಗೇ ಬಂದುಬಿಟ್ಟರು.

“ಬನ್ನಿ ಅಮ್ಮ, ನಿಮ್ಮ ಯಜಮಾನರು ಬರೆದಿದ್ದು, ನೀವೇ ಓದಿಬಿಡಿ,” ಎಂದರು ಅಧ್ಯಕ್ಷರು.

ಮಾವ ಹಿಂದಿನ ಸಾಲಿನಿಂದ ಬೇಡ ಬೇಡ ಎಂದು ಕೈಯಾಡಿಸಿದರು. ಇಷ್ಟು ಜನರ ಮುಂದೆ ಸಂಕೋಚ ಎಂದುಕೊಂಡರು ಅತ್ತೆ. ಡಬ್ಬಿಯನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಸಾಮಾನಿನ ಚೀಟಿ ಓದುವ ವೇಗದಲ್ಲಿ ಹೊರಟರು:

“ಈ ಪೈಪಿನ ಗುಬ್ಬಿ ಕೊಕ್ಕು ಮುಚ್ಚಿದೆ. ಅಂಕಿ ಆರು. ಆದ್ದರಿಂದ ಇದು ತಯಾರಾದದ್ದು ಹಿರಿಯರು ತೀರಿಕೊಂಡ ಒಂಬತ್ತು ವರ್ಷದ ಮೇಲೆ. ಅವರು ಇದನ್ನು ಸೇದಿದ್ದೇ ಆದರೆ...”

ಇಲ್ಲಿ ಅತ್ತೆಯ ದನಿ ಕುಗ್ಗಿತು. ಆದರೆ ಇಳಿಜಾರಿನಲ್ಲಿ ಓಡುತ್ತಿದ್ದ ನಾಲಿಗೆ ನಿಲ್ಲಲಿಲ್ಲ. “...ಅದು ಈ ಲೋಕದಲ್ಲಿ ಅಲ್ಲ. ಪೈಪು ಒಳ್ಳೆಯದಿದೆ. ತುದಿ ಸ್ವಲ್ಪ ಸಡಿಲ.”

ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ಸೋದರತ್ತೆಗೆ ಕಿವಿ ಮಂದ, ಬಾಯಿ ಜೋರು. “ಅದು ನಮ್ಮ ಡ್ರೈವರಂದಲ್ವೇನೋ?” ಎಂದರು. ಆಮೇಲೆ ಹಾಲಿನಲ್ಲಿ ಎದ್ದ ನಗೆ ಮೆಟ್ಟಿಲ ಕೆಳಗಿನವರೆಗೂ ಕೇಳಿಸಿತಂತೆ.

ಸೋಮವಾರ ಮಾವನಿಗೆ ನೋಟೀಸು ಬಂತು: ಏಳು ದಿನದೊಳಗೆ ಜಾಗ ಬಿಡಿ, ಇಲ್ಲವೇ ಲಿಖಿತ ಉತ್ತರ ಕೊಡಿ. ಮಾವ ಅಂದೇ ಉತ್ತರ ಬರೆದುಕೊಟ್ಟರು. ಕ್ಲಬ್ಬಿನ ನಿಯಮದಂತೆ ಉತ್ತರವನ್ನು ಓದಿಯೇ ಕಮಿಟಿ ತೀರ್ಮಾನಿಸಬೇಕು, ಬಾಯಿಮಾತು ನಡೆಯದು. ಓದುವವರು ಯಾರು? ಅತ್ತೆಯನ್ನು ಕರೆಸಿದರು. ಅತ್ತೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಈ ಸಲ ನನಗೂ ಹತ್ತಲಿಲ್ಲಪ್ಪ,” ಎಂದು ಬಂದುಬಿಟ್ಟರು. ಐದು ತಿಂಗಳಿಂದ ವಿಷಯ ಮುಂದಿನ ಸಭೆಗೆ ಹೋಗುತ್ತಲೇ ಇದೆ. ತೀರ್ಮಾನ ಬರಲಿ ಎಂದು ಮಾವ ಮೆಟ್ಟಿಲ ಕೆಳಗೆ ನೆನೆಯದೆ ಕೂತಿದ್ದಾರೆ.

ಕಾಗದದಲ್ಲಿ ಏನಿತ್ತು ಎಂದು ನಾನು ಅತ್ತೆಯನ್ನು ಗುಟ್ಟಾಗಿ ಕೇಳಿದೆ.

“ಒಂದೇ ಸಾಲು. ‘ಆಗಲಿ, ಬಿಡುತ್ತೇನೆ’ ಅಂತ.”

“ಮತ್ತೆ ಓದೋಕೆ ಬರಲಿಲ್ಲ ಅಂದ್ರಿ?”

ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದರು.

“ಮನೇಲಿ ಒಬ್ಬರಾದರೂ ಛತ್ರಿ ಇರಬೇಕಲ್ಲಪ್ಪ.”